ಶಾಂತಿಪರ್ವದ ಸೇನಾನಿ: ಜನರಲ್ ತಿಮ್ಮಯ್ಯನವರು

ಕುಮಾರವ್ಯಾಸನ ಭಾರತವು ಗದಾಪರ್ವದೊಡನೆ ನಿಲ್ಲುತ್ತದೆಂಬುದು ಕನ್ನಡ ವಾಚಕರೆಲ್ಲರಿಗೂ ವಿದಿತವಾದ ಸಂಗತಿ. ಅಲ್ಲಿಂದ ಮುಂದಿನ ಪರ್ವಗಳನ್ನು, ಶಾಂತಿಪರ್ವವೇ ಮೊದಲಾಗಿ, ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣಕವಿಯು ಬರೆದು ಪೂರೈಸಿದನು. ಗದುಗಿನ ಭಾರತವನ್ನು ಊರೂರುಗಳಲ್ಲಿ ರಾಗವಾಗಿ ವಾಚಿಸಿ ಕೇಳಿದವರು ಅಸಂಖ್ಯರು. ತಿಮ್ಮಣ್ಣಕವಿಯ ಭಾಗವನ್ನು ಬಿಚ್ಚಿ ನೋಡಿದವರು ವಿರಳ. ಕಾಳಗದ ಕಥೆಗೆ ಕಿವಿಗೊಡುವಷ್ಟು ಆಸಕ್ತಿಯಿಂದ ಕಾಳಗವಾದ ಮೇಲಿನ ಕಥೆಗೆ ಲೋಕವು ಕಿವಿಗೊಡುವುದಿಲ್ಲ. ಆದರೆ ಮೂಲ ಭಾರತದಲ್ಲಿ ಹದಿನೆಂಟು ಪರ್ವಗಳೊಳಗೆ ಅತಿ ದೀರ್ಘವಾದುದು ಶಾಂತಿಪರ್ವವೇ. ಯುದ್ಧವನ್ನು ಗೆಲ್ಲುವುದಕ್ಕಿಂತ, ಯುದ್ಧದಿಂದ ಹಾಳಾದ ನಾಡನ್ನು ಮರಳಿ ಬಾಳುವಂತೆ ಮಾಡುವುದು ದೀರ್ಘವೂ ಕಠಿನವೂ ಆದ ಕಾರ್ಯವೆಂಬುದನ್ನು ಆ ಗಾತ್ರವೇ ಸಾರುತ್ತದೆ.

ಆ ಪರ್ವದಲ್ಲಿ ಇನ್ನೊಂದು ವಿಶೇಷವಿದೆ. ರಾಜಧರ್ಮವನ್ನು ಬೋಧಿಸುವವನು ಸೇನಾನಿಯಾಗಿದ್ದ ಭೀಷ್ಮ. ಆದರೆ ರಾಜ್ಯವನ್ನು ಆಳುವವನು ಭೀಷ್ಮನಲ್ಲ, ಯುಧಿಷ್ಠಿರ. ಶಸ್ತ್ರವನ್ನು ಬಲ್ಲವನಿಗೆ ಶಾಂತಿಯ ಕಾಲದಲ್ಲಿ ಒಂದು ಸ್ಥಾನವುಂಟು, ಆ ಸ್ಥಾನಕ್ಕೆ ಒಂದು ಎಲ್ಲೆಯೂ ಉಂಟು. ಕಾದಾಡುವುದಕ್ಕೆಂದೇ ಸಿದ್ಧವಾದ ಸೇನೆಯು ಶಾಂತಿಪಾಲನೆಗೂ ಪುನರ್ನಿರ್ಮಾಣಕ್ಕೂ ಯೋಗ್ಯವೇ ಎಂಬ ಪ್ರಶ್ನೆಯು ಎರಡನೆಯ ಮಹಾಯುದ್ಧದ ತರುವಾಯ ಲೋಕದ ಮುಂದೆ ಮತ್ತೆ ಮತ್ತೆ ಬಂದಿದೆ. ಈ ಪ್ರಶ್ನೆಗೆ ತರ್ಕದಿಂದಲ್ಲ, ತಮ್ಮ ಬಾಳಿನಿಂದಲೇ ಉತ್ತರವಿತ್ತವರು ನಮ್ಮ ನಾಡಿನ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು. ಅವರ ಜೀವನವನ್ನು ಈ ದೃಷ್ಟಿಯಿಂದ ಅವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಿಮ್ಮಯ್ಯನವರು 1906ರ ಮಾರ್ಚ್ ತಿಂಗಳಲ್ಲಿ ಕೊಡಗಿನ ಮಡಿಕೇರಿಯಲ್ಲಿ ಜನಿಸಿದರು. ಕೊಡವರ ಮನೆಗಳಲ್ಲಿ ಕೋವಿಯು ಆಯುಧ ಮಾತ್ರವಲ್ಲ, ಪೂಜ್ಯ ವಸ್ತುವೂ ಹೌದು. ಅಂತಹ ಪರಂಪರೆಯಲ್ಲಿ ಹುಟ್ಟಿದ ಬಾಲಕನು ಸೈನ್ಯವನ್ನು ಸೇರಿದುದರಲ್ಲಿ ಆಶ್ಚರ್ಯವಿಲ್ಲ. ಕೂನೂರಿನಲ್ಲಿಯೂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ವಿದ್ಯಾಭ್ಯಾಸವಾದ ಮೇಲೆ ಡೆಹ್ರಾಡೂನಿನ ಸೈನಿಕ ವಿದ್ಯಾಲಯವನ್ನು ಸೇರಿ, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೆ ತೆರಳಿ, 1926ರಲ್ಲಿ ಅಧಿಕಾರಿಯಾಗಿ ನಿಯುಕ್ತರಾದರು. ಮುಂದೆ ಹೈದರಾಬಾದ್ ರೆಜಿಮೆಂಟಿನಲ್ಲಿ ಸೇವೆಗೆ ನಿಂತರು; ಇದೇ ಪಡೆಗೆ ಅನಂತರ ಕುಮಾವೂ ರೆಜಿಮೆಂಟ್ ಎಂಬ ಹೆಸರು ಬಂದಿತು.

ದೇಶದಲ್ಲಿ ಸ್ವಾತಂತ್ರ್ಯಾಂದೋಲನವು ಉಜ್ಜ್ವಲವಾಗಿದ್ದ ಕಾಲವದು. ಪರಕೀಯರ ಸಮವಸ್ತ್ರವನ್ನು ಧರಿಸಿದ ತರುಣ ಅಧಿಕಾರಿಯ ಮನಸ್ಸಿನಲ್ಲಿ ತುಮುಲವೇಳದೆ ಇರಲಿಲ್ಲ. ಅಲಹಾಬಾದಿನಲ್ಲಿದ್ದಾಗ ಅವರು ಮೋತಿಲಾಲ್ ನೆಹರೂ ಅವರನ್ನು ಕಂಡು, ಹುದ್ದೆಯನ್ನು ತ್ಯಜಿಸಲೇ ಎಂದು ವಿಚಾರಿಸಿದರೆಂದೂ, ನಾಳೆ ಸ್ವತಂತ್ರವಾಗುವ ದೇಶಕ್ಕೆ ನುರಿತ ಸೇನಾಧಿಕಾರಿಗಳು ಬೇಕಾಗುವುದರಿಂದ ಸೈನ್ಯದಲ್ಲಿಯೇ ಉಳಿಯುವಂತೆ ಆ ಹಿರಿಯರು ಹಿತವಚನ ಹೇಳಿದರೆಂದೂ ಅವರ ಚರಿತ್ರೆಯಿಂದ ತಿಳಿದುಬರುತ್ತದೆ. ತಿಮ್ಮಯ್ಯನವರು ಉಳಿದರು. ಸೈನಿಕನು ಯಾರ ಸಲುವಾಗಿ ಶಸ್ತ್ರ ಹಿಡಿಯಬೇಕೆಂಬ ವಿವೇಚನೆ ಅವರಲ್ಲಿ ಅಂದಿನಿಂದಲೇ ಬೇರೂರಿತ್ತೆನ್ನಬಹುದು.

1935ರ ಜನವರಿಯಲ್ಲಿ ಅವರು ನೀನಾ ಕಾರಿಯಪ್ಪ ಅವರನ್ನು ವಿವಾಹವಾದರು. ಅದೇ ವರ್ಷದ ಮೇ 31ರ ನಸುಕಿನಲ್ಲಿ, ನವದಂಪತಿಗಳು ಕ್ವೆಟ್ಟಾದಲ್ಲಿದ್ದಾಗ, ಭೀಕರವಾದ ಭೂಕಂಪವು ಆ ನಗರವನ್ನು ನೆಲಸಮ ಮಾಡಿತು. ಮೂವತ್ತು ಸಾವಿರಕ್ಕೂ ಹೆಚ್ಚು ಜನರು ಅಸುನೀಗಿದರು. ಊರಿನ ಆಡಳಿತ ಯಂತ್ರವು ಊರಿನೊಡನೆಯೇ ಕುಸಿದುಬಿದ್ದಾಗ, ಗುಡಾರ, ವಾಹನ, ಔಷಧ, ಅಡುಗೆ ಎಲ್ಲವನ್ನೂ ತನ್ನೊಡನೆಯೇ ಹೊಂದಿದ್ದ ಸೇನೆಯು ಅವಶೇಷಗಳನ್ನು ತೋಡಿ ಜನರನ್ನು ಹೊರತೆಗೆಯಿತು. ತಿಮ್ಮಯ್ಯ ದಂಪತಿಗಳು ಆ ಸೇವೆಯಲ್ಲಿ ಪೂರ್ಣವಾಗಿ ತೊಡಗಿದರು. ಶ್ರೀಮತಿ ನೀನಾ ಅವರಿಗೆ ಕೈಸರ್-ಇ-ಹಿಂದ್ ಪದಕವು ದೊರೆಯಿತು. ಉಳಿದೆಲ್ಲ ವ್ಯವಸ್ಥೆಗಳು ಮುರಿದುಬಿದ್ದ ಮೊದಲ ದಿನಗಳಲ್ಲಿ ಸೇನೆಗೆ ಸಮನಾದ ಸಂಸ್ಥೆ ಇನ್ನೊಂದಿಲ್ಲವೆಂಬುದು ಅವರು ಅಲ್ಲಿ ಕಂಡ ಸತ್ಯ.

ಎರಡನೆಯ ಮಹಾಯುದ್ಧದಲ್ಲಿ ತಿಮ್ಮಯ್ಯನವರು ಬರ್ಮಾದ ಅರಾಕಾನ್ ರಣರಂಗದಲ್ಲಿ ಹೋರಾಡಿದರು. 1945ರಲ್ಲಿ ಕಂಗಾವ್‌ನಲ್ಲಿ ನಡೆದ ಘೋರ ಕದನದಲ್ಲಿ ತೋರಿದ ನಾಯಕತ್ವಕ್ಕಾಗಿ ಡಿ.ಎಸ್.ಓ. ಪದಕವನ್ನು ಪಡೆದರು, ಆ ಯುದ್ಧದಲ್ಲಿ ಪದಾತಿ ಬ್ರಿಗೇಡಿನ ನೇತೃತ್ವ ವಹಿಸಿ ಕಾದಿದ ಏಕೈಕ ಭಾರತೀಯರೆಂಬ ಕೀರ್ತಿಗೆ ಪಾತ್ರರಾದರು. ಯುದ್ಧವು ಮುಗಿದ ಮೇಲೆ ಅವರು 268ನೆಯ ಬ್ರಿಗೇಡಿನೊಡನೆ ಸೋತ ಜಪಾನಿಗೆ ತೆರಳಿದರು. ಪಂಜಾಬ್, ಮರಾಠಾ ಮತ್ತು ಗೂರ್ಖಾ ಪಡೆಗಳಿದ್ದ ಆ ಬ್ರಿಗೇಡು ಕಾಮನ್‌ವೆಲ್ತ್ ಆಕ್ರಮಿತ ಸೇನೆಯ ಅಂಗವಾಗಿತ್ತು. ಶಸ್ತ್ರಾಗಾರಗಳನ್ನು ಶೋಧಿಸಿ ಮದ್ದುಗುಂಡುಗಳನ್ನು ನಾಶಪಡಿಸುವುದು, ಪಹರೆ ಕಾಯುವುದು ಆ ಸೇನೆಯ ಕಾರ್ಯ. ಆಡಳಿತದ ಮೇಲ್ವಿಚಾರಣೆ ಅಮೆರಿಕನ್ನರ ಕೈಯಲ್ಲಿತ್ತು, ದಿನನಿತ್ಯದ ಆಡಳಿತವನ್ನು ಜಪಾನೀ ಅಧಿಕಾರಿಗಳೇ ನಡೆಸುತ್ತಿದ್ದರು. ನಿನ್ನೆಯ ಶತ್ರುವಿನ ನಾಡಿನಲ್ಲಿ ಬಂದೂಕನ್ನು ಹೆಗಲಿಗೇರಿಸಿಯೂ ಅದನ್ನು ಹೂಡದೆ ಇರುವ ಶಿಕ್ಷಣವು ಭಾರತೀಯ ಯೋಧರಿಗೆ ಅಲ್ಲಿ ದೊರೆಯಿತು.

ಆದರೆ ಸೇನೆಯ ಮಿತಿಯನ್ನು ತಿಮ್ಮಯ್ಯನವರಿಗೆ ತೋರಿಸಿಕೊಟ್ಟುದು ಸ್ವದೇಶವೇ. 1947ರ ಆಗಸ್ಟಿನಲ್ಲಿ ಪಂಜಾಬು ಎರಡಾಗಿ ಹೋಳಾಗುವಾಗ, 12 ಜಿಲ್ಲೆಗಳಲ್ಲಿ ಶಾಂತಿಯನ್ನು ಕಾಪಾಡುವುದಕ್ಕೆಂದು ಮೇಜರ್ ಜನರಲ್ ರೀಸ್ ಎಂಬವರ ನೇತೃತ್ವದಲ್ಲಿ ಗಡಿಪಡೆಯೊಂದನ್ನು ರಚಿಸಲಾಗಿತ್ತು. ಉರಿಯುತ್ತಿದ್ದ ಅಷ್ಟು ವಿಶಾಲವಾದ ಭೂಭಾಗಕ್ಕೆ ಅದರ ಸಂಖ್ಯೆ ತೀರ ಅಲ್ಪ. ಅದಕ್ಕೂ ಮಿಗಿಲಾದ ಕೊರತೆಯೆಂದರೆ, ಯಾವ ಜನಗಳು ಪರಸ್ಪರ ಕೊಲ್ಲುತ್ತಿದ್ದರೋ ಆ ಜನಗಳ ಮಕ್ಕಳೇ ಆ ಪಡೆಯ ಸೈನಿಕರಾಗಿದ್ದರು. ತನ್ನ ಮನೆಯೇ ಸುಟ್ಟ ವಾರ್ತೆಯನ್ನು ಕೇಳಿದ ಸಿಪಾಯಿಗೆ ಮಧ್ಯಸ್ಥನಾಗಿ ನಿಲ್ಲುವುದು ಹೇಗೆ ಸಾಧ್ಯ? ಒಂದೇ ತಿಂಗಳಿನಲ್ಲಿ ಆ ಪಡೆಯು ವಿಸರ್ಜಿತವಾಯಿತು. ಆ ಬಳಿಕ ಪೂರ್ವ ಪಂಜಾಬಿನ ಹೊಣೆಯು ನಾಲ್ಕನೆಯ ಡಿವಿಜನ್ನಿನ ನಾಯಕರಾದ ತಿಮ್ಮಯ್ಯನವರ ಪಾಲಿಗೆ ಬಂದಿತು. ಮೈಲಿಗಟ್ಟಲೆ ಉದ್ದವಾಗಿ ಸಾಗುತ್ತಿದ್ದ ನಿರಾಶ್ರಿತರ ಸಾಲುಗಳಿಗೆ ಬೆಂಗಾವಲು ಕೊಟ್ಟು ಗಡಿ ದಾಟಿಸುವುದು ಸೇನೆಯಿಂದ ಸಾಧ್ಯವಾಯಿತು. ನೆರೆಹೊರೆಯವರ ನಡುವೆ ಕಳೆದುಹೋದ ವಿಶ್ವಾಸವನ್ನು ಹಿಂದಿರುಗಿಸುವುದು ಸಾಧ್ಯವಾಗಲಿಲ್ಲ. ಕಾವಲುಗಾರನು ಪಕ್ಷಗಾರನಾಗಿರಕೂಡದೆಂಬ ಸೂತ್ರವು ಈ ಅನುಭವದಿಂದ ಸ್ಪಷ್ಟವಾಯಿತು.

ಮರುವರ್ಷ ಕಾಶ್ಮೀರದಲ್ಲಿ ಅವರ ಶೌರ್ಯವು ಮತ್ತೊಮ್ಮೆ ಬೆಳಗಿತು. 1948ರ ನವೆಂಬರ್ 1ರಂದು, ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿ ಲಾ ಕಣಿವೆಗೆ, ಯಾರೂ ಊಹಿಸದಿದ್ದ ರೀತಿಯಲ್ಲಿ ಟ್ಯಾಂಕುಗಳನ್ನು ಏರಿಸಿ, ಮುಂದಿನ ಟ್ಯಾಂಕಿನಲ್ಲಿ ತಾವೇ ಕುಳಿತು ಅವರು ಶತ್ರುವನ್ನು ಚದುರಿಸಿದರು. ಲಡಾಖಿನ ದಾರಿ ತೆರೆಯಿತು. ಈ ವೀರಗಾಥೆಯನ್ನು ನಮ್ಮ ಜನ ಅಭಿಮಾನದಿಂದ ನೆನೆಯುತ್ತಾರೆ. ಆದರೆ ತಿಮ್ಮಯ್ಯನವರ ನಿಜವಾದ ಸತ್ತ್ವಪರೀಕ್ಷೆಯಾದುದು ಐದು ವರ್ಷಗಳ ತರುವಾಯ, ಗುಂಡು ಹಾರಿಸುವುದಕ್ಕಿಂತ ಹಾರಿಸದಿರುವುದೇ ಕಷ್ಟವಾಗಿದ್ದ ಕೊರಿಯಾದಲ್ಲಿ.

ಕೊರಿಯಾದ ಯುದ್ಧವು 1953ರ ಜುಲೈ 27ರ ಒಪ್ಪಂದದಿಂದ ನಿಂತಿತು. ಸಂಧಾನವು ಬಹುಕಾಲ ತೊಡಕಿಗೆ ಸಿಲುಕಿದ್ದುದು ಸೆರೆಯಾಳುಗಳ ಪ್ರಶ್ನೆಯಲ್ಲಿ. ಸ್ವದೇಶಕ್ಕೆ ಮರಳಲು ಒಪ್ಪದ ಕೈದಿಗಳನ್ನು ಬಲಾತ್ಕಾರದಿಂದ ಕಳುಹಿಸಬೇಕೇ, ಬೇಡವೇ? ಇದನ್ನು ಬಗೆಹರಿಸಲು ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಮತ್ತು ಭಾರತ ಈ ಐದು ರಾಷ್ಟ್ರಗಳ ತಟಸ್ಥ ಆಯೋಗವು ರಚಿತವಾಯಿತು. ಅಧ್ಯಕ್ಷ ಪದವಿ ಭಾರತಕ್ಕೆ, ಅಂದರೆ ತಿಮ್ಮಯ್ಯನವರಿಗೆ ಬಂದಿತು. ಕೈದಿಗಳನ್ನು ಕಾಯುವ ಹೊಣೆಯನ್ನು ಮೇಜರ್ ಜನರಲ್ ಥೋರಾಟ್ ಅವರ ನಾಯಕತ್ವದ ಸುಮಾರು 6,000 ಭಾರತೀಯ ಯೋಧರು ಹೊತ್ತರು. ಭಾರತೀಯ ಸೈನಿಕರು ತನ್ನ ನೆಲವನ್ನು ತುಳಿಯಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದುದರಿಂದ, ಅವರನ್ನು ಹೆಲಿಕಾಪ್ಟರುಗಳಲ್ಲಿ ಕೂರಿಸಿ ಯುದ್ಧರಹಿತ ವಲಯಕ್ಕೆ ಇಳಿಸಬೇಕಾಯಿತು.

ಭಾರತೀಯರ ವಶಕ್ಕೆ ಬಂದವರು ದಕ್ಷಿಣದ ಕಡೆಯಿಂದ ಸುಮಾರು 22,600 ಮಂದಿ ಚೀನೀಯರು ಮತ್ತು ಉತ್ತರ ಕೊರಿಯನ್ನರು. ಉತ್ತರದ ಕಡೆಯಿಂದ 359 ಮಂದಿ. ಪ್ರತಿಯೊಬ್ಬ ಕೈದಿಗೂ ಅವನ ಸ್ವದೇಶದ ಪ್ರತಿನಿಧಿಗಳು ಬಂದು, ಮರಳಿದರೆ ಯಾವ ಭಯವೂ ಇಲ್ಲವೆಂದು ವಿವರಿಸಬೇಕು, ಅನಂತರ ಅವನು ತನ್ನ ಇಚ್ಛೆಯನ್ನು ತಿಳಿಸಬೇಕು, ಇದು ವಿಧಾನ. ಇದಕ್ಕೆ 90 ದಿನಗಳ ಕಾಲಾವಧಿ. ಕಾಗದದ ಮೇಲೆ ಇದು ಸರಳ. ಆದರೆ ಶಿಬಿರಗಳ ಒಳಗೆ ಕೈದಿಗಳಲ್ಲಿಯೇ ಪ್ರಬಲವಾದ ಕೂಟಗಳು ಬೆಳೆದಿದ್ದವು. ಮರಳಲು ಮನಸ್ಸು ಮಾಡಿದವನಿಗೆ ಏಟು ಬೀಳುತ್ತಿತ್ತು, ಕೊಲೆಗಳೂ ಆದವು. ಸೆಪ್ಟೆಂಬರ್ ಕೊನೆಯಲ್ಲಿ ಭಾರತೀಯ ಮೇಜರ್ ಒಬ್ಬರನ್ನು ಕೈದಿಗಳು ಎಳೆದೊಯ್ದು ಒತ್ತೆಯಿಟ್ಟುಕೊಂಡಾಗ, ಥೋರಾಟ್ ಅವರು ಸ್ವತಃ ಅವರ ನಡುವೆ ಹೊಕ್ಕು, ಮಾತಿನಿಂದಲೇ ಅವರನ್ನು ಬಿಡಿಸಿಕೊಂಡು ಬಂದರು. ಎಲ್ಲ ಸಂದರ್ಭಗಳೂ ಹೀಗೆ ಶುಭಾಂತವಾಗಲಿಲ್ಲ. ಅಕ್ಟೋಬರಿನ ಆರಂಭದಲ್ಲಿ ದಂಗೆಯೆದ್ದ ಕೈದಿಗಳ ಮೇಲೆ ಕಾವಲುಗಾರರು ಗುಂಡು ಹಾರಿಸಬೇಕಾಗಿ ಬಂದು ಕೆಲವರು ಮೃತರಾದರು.

ಇಂತಹ ಸ್ಥಿತಿಯಲ್ಲಿ ತಿಮ್ಮಯ್ಯನವರ ಮುಂದೆ ಧರ್ಮಸಂಕಟವೊಂದು ನಿಂತಿತು. ವಿವರಣೆಯನ್ನು ಕೇಳಲು ಹೊರಬರಲೊಲ್ಲದ ಸಾವಿರಾರು ಕೈದಿಗಳನ್ನು ಬಲಪ್ರಯೋಗದಿಂದ ಎಳೆತರಬೇಕೇ? ಎಳೆತರದಿದ್ದರೆ ಆಯೋಗದ ಉದ್ದೇಶವೇ ವಿಫಲವಾಗುತ್ತದೆ, ಶಿಬಿರದೊಳಗಿನ ದಂಡನಾಯಕರದೇ ಗೆಲುವಾಗುತ್ತದೆ ಎಂಬುದು ಒಂದು ಪಕ್ಷದ ವಾದ. ಬಲಪ್ರಯೋಗ ಮಾಡಿದರೆ ತಾವು ಆಯೋಗದಿಂದ ಹೊರಹೋಗುವುದಾಗಿ ಸ್ವಿಸ್ ಪ್ರತಿನಿಧಿಗಳ ಎಚ್ಚರಿಕೆ. ಎಳೆತರಲು ಹೊರಟರೆ ನೂರಾರು ನಿಶ್ಶಸ್ತ್ರರ ರಕ್ತ ಹರಿಯುವುದು ನಿಶ್ಚಿತವಾಗಿತ್ತು. ತಿಮ್ಮಯ್ಯನವರು ಬಲಪ್ರಯೋಗಕ್ಕೆ ಒಪ್ಪಲಿಲ್ಲ. ಪರಿಣಾಮವಾಗಿ 90 ದಿನಗಳಲ್ಲಿ ವಿವರಣೆ ನಡೆದುದು ಹತ್ತು ದಿನಗಳಷ್ಟು ಮಾತ್ರ. ಅದನ್ನು ಕೇಳಿದವರು ಸುಮಾರು 3,000 ಮಂದಿ. ಕೈದಿಗಳನ್ನು ತಾವೇ ನಾಗರಿಕರೆಂದು ಘೋಷಿಸಿ ಬಿಟ್ಟುಬಿಡುವ ಅಧಿಕಾರವಾಗಲಿ, ಅವಧಿ ಮೀರಿ ಇಟ್ಟುಕೊಳ್ಳುವ ಅಧಿಕಾರವಾಗಲಿ ತಮಗಿಲ್ಲವೆಂದು ನಿರ್ಣಯಿಸಿ, 1954ರ ಜನವರಿಯಲ್ಲಿ ಅವರು 21,000ಕ್ಕೂ ಹೆಚ್ಚು ಮಂದಿಯನ್ನು ಹಿಂದೆ ಅವರನ್ನು ಹಿಡಿದಿಟ್ಟಿದ್ದ ಪಕ್ಷಕ್ಕೇ ಒಪ್ಪಿಸಿದರು. ಸ್ವದೇಶಕ್ಕೆ ಮರಳಿದವರು ಕೆಲವು ನೂರು ಮಂದಿ. ಎರಡು ಪಕ್ಷಗಳೂ ಬೇಡವೆಂದ 88 ಮಂದಿ ಭಾರತಕ್ಕೆ ಬಂದರು.

ಇದನ್ನು ಯಶಸ್ಸೆನ್ನಬೇಕೇ, ಸೋಲೆನ್ನಬೇಕೇ? ಪ್ರತಿ ಕೈದಿಯ ಸ್ವೇಚ್ಛೆಯನ್ನು ಅರಿಯುವುದೇ ಗುರಿಯಾಗಿದ್ದರೆ, ಅದು ಬಹುಪಾಲು ಈಡೇರಲಿಲ್ಲವೆಂಬುದನ್ನು ಮರೆಮಾಚಬೇಕಾದುದಿಲ್ಲ. ಎರಡು ಕಡೆಯವರೂ ತಿಮ್ಮಯ್ಯನವರನ್ನು ನಿಂದಿಸಿದರು. ಆದರೆ ಯುದ್ಧವು ಮರುಕಳಿಸಲಿಲ್ಲ, ಶಿಬಿರಗಳು ರಣರಂಗಗಳಾಗಲಿಲ್ಲ. ಬಲವಿದ್ದೂ ಅದನ್ನು ಬಳಸದಿರುವ ಸಂಯಮ, ತನಗೆ ಕೊಡದ ಅಧಿಕಾರವನ್ನು ತಾನೇ ತೆಗೆದುಕೊಳ್ಳದಿರುವ ವಿವೇಕ, ಇವೆರಡನ್ನೂ ಆರು ಸಾವಿರ ಯೋಧರು ಕೊರೆಯುವ ಚಳಿಯಲ್ಲಿ ತಿಂಗಳುಗಟ್ಟಲೆ ಪಾಲಿಸಿದರು. ಪೊಲೀಸರಿಗಾಗಲಿ ರಾಜತಾಂತ್ರಿಕರಿಗಾಗಲಿ ಇದು ಸಾಧ್ಯವಾಗುತ್ತಿರಲಿಲ್ಲ. 1954ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು.

1957ರ ಮೇ ತಿಂಗಳಲ್ಲಿ ತಿಮ್ಮಯ್ಯನವರು ಭೂಸೇನೆಯ ಮಹಾದಂಡನಾಯಕರಾದರು. ರಕ್ಷಣಾ ಸಚಿವರಾದ ಕೃಷ್ಣ ಮೆನನ್ ಅವರೊಡನೆ ಭಿನ್ನಾಭಿಪ್ರಾಯ ತಲೆದೋರಿ, 1959ರಲ್ಲಿ ರಾಜೀನಾಮೆಯನ್ನಿತ್ತು, ಪ್ರಧಾನಿ ನೆಹರೂ ಅವರ ಮಾತಿಗೆ ಮಣಿದು ಅದನ್ನು ಹಿಂತೆಗೆದುಕೊಂಡ ಪ್ರಸಂಗವು ಪ್ರಸಿದ್ಧವಾಗಿದೆ. ಅದರ ಗುಣದೋಷಗಳನ್ನು ಇಲ್ಲಿ ವಿಮರ್ಶಿಸಬೇಕಾಗಿಲ್ಲ. ಆದರೆ ಒಂದು ಅಂಶ ಗಮನಾರ್ಹ. ಒಂದು ವರ್ಷದ ಹಿಂದೆಯಷ್ಟೇ, 1958ರ ಅಕ್ಟೋಬರಿನಲ್ಲಿ, ನೆರೆಯ ಪಾಕಿಸ್ತಾನದಲ್ಲಿ ದಂಡನಾಯಕ ಅಯೂಬ್ ಖಾನರು ರಾಜ್ಯವನ್ನೇ ವಶಪಡಿಸಿಕೊಂಡಿದ್ದರು. ಒಂದೇ ಬ್ರಿಟಿಷ್ ಭಾರತೀಯ ಸೇನೆಯಲ್ಲಿ ಬೆಳೆದ, ಜನರ ಪ್ರೀತಿಗೂ ಸೈನಿಕರ ಭಕ್ತಿಗೂ ಪಾತ್ರರಾಗಿದ್ದ ತಿಮ್ಮಯ್ಯನವರು ಅಸಮಾಧಾನಗೊಂಡಾಗ ಮಾಡಿದುದು ರಾಜೀನಾಮೆ ಬರೆದುದಷ್ಟೇ. 1961ರ ಮೇ ತಿಂಗಳಲ್ಲಿ ಅವಧಿ ಮುಗಿದೊಡನೆ ಅಧಿಕಾರವನ್ನೊಪ್ಪಿಸಿ ಕೊಡಗಿಗೆ ಮರಳಿದರು. ಸ್ವದೇಶದಲ್ಲಿ ಬೇಲಿಯೇ ಎದ್ದು ಹೊಲವನ್ನು ಮೇಯದಂತಹ ಸೇನೆಯನ್ನು ಮಾತ್ರ ಪರದೇಶದ ಹೊಲಕ್ಕೆ ಕಾವಲಿಡಬಹುದು.

ನಿವೃತ್ತಿಯ ವಿಶ್ರಾಂತಿಯು ಬಹುಕಾಲ ಉಳಿಯಲಿಲ್ಲ. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪವು 1960ರಲ್ಲಿ ಸ್ವತಂತ್ರವಾಗಿ, ಮೂರೇ ವರ್ಷಗಳಲ್ಲಿ ಅಲ್ಲಿಯ ಬಹುಸಂಖ್ಯಾತ ಗ್ರೀಕ್ ಜನರಿಗೂ ಅಲ್ಪಸಂಖ್ಯಾತ ತುರ್ಕಿ ಜನರಿಗೂ ನಡುವೆ ರಕ್ತಪಾತವಾಯಿತು. 1964ರ ಮಾರ್ಚ್ 4ರಂದು ವಿಶ್ವಸಂಸ್ಥೆಯ ಭದ್ರತಾ ಸಮಿತಿಯು ಶಾಂತಿಪಡೆಯೊಂದನ್ನು ಕಳುಹಿಸಲು ನಿರ್ಧರಿಸಿತು. ಅದರ ಮೊದಲ ನಾಯಕರು ಭಾರತದವರೇ ಆದ ಜನರಲ್ ಗ್ಯಾನಿ. ಆ ವರ್ಷದ ಜುಲೈಯಲ್ಲಿ ತಿಮ್ಮಯ್ಯನವರು ಆ ಸ್ಥಾನಕ್ಕೆ ಬಂದರು. ಬ್ರಿಟನ್, ಕೆನಡಾ, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳ ಸುಮಾರು 6,000 ಸೈನಿಕರು ಅವರ ಅಧೀನದಲ್ಲಿದ್ದರು. ಭಾರತದ ಪಡೆಯೊಂದೂ ಅದರಲ್ಲಿರಲಿಲ್ಲ. ಪರಕೀಯ ಸೈನಿಕರೇ ಕೊಡಗಿನ ಈ ಸೇನಾನಿಯ ಆಜ್ಞೆಗೆ ನಡೆಯುತ್ತಿದ್ದರು. ಆತ್ಮರಕ್ಷಣೆಯ ಹೊರತು ಶಸ್ತ್ರವನ್ನೆತ್ತುವಂತಿರಲಿಲ್ಲ.

ಅವರು ಬಂದ ಮರುತಿಂಗಳೇ, 1964ರ ಆಗಸ್ಟಿನಲ್ಲಿ, ವಾಯವ್ಯ ತೀರದ ಕೊಕ್ಕಿನಾ ಪ್ರದೇಶದಲ್ಲಿ ಕದನವಾಗಿ, ತುರ್ಕಿಯ ವಿಮಾನಗಳು ಬಾಂಬುಗಳನ್ನು ಸುರಿಸಿದವು. ಅದನ್ನು ತಡೆಯುವ ಶಕ್ತಿ ಶಾಂತಿಪಡೆಗೆ ಇರಲಿಲ್ಲ. ಭದ್ರತಾ ಸಮಿತಿಯ ಕರೆಯ ಮೇರೆಗೆ ಗುಂಡಿನ ಸದ್ದು ಅಡಗಿತು. ಆ ತರುವಾಯ ಪ್ರಾರಂಭವಾದ ಕೆಲಸವು ಪತ್ರಿಕೆಗಳ ಮುಖಪುಟಕ್ಕೆ ಬರುವಂತಹದಲ್ಲ. ಶಾಂತಿಪಡೆಯವರು ಹಳ್ಳಿಹಳ್ಳಿಗೂ ಹೋಗಿ ಹಾಳಾದ ಮನೆಗಳನ್ನು ಎಣಿಸಿದರು. 109 ಗ್ರಾಮಗಳಲ್ಲಿ 527 ಮನೆಗಳು ಧ್ವಂಸವಾಗಿದ್ದವು. ಸುಮಾರು 2,000 ಮನೆಗಳು ಕೊಳ್ಳೆಹೋಗಿ ಜಖಂಗೊಂಡಿದ್ದವು. ಸುಮಾರು 25,000 ಮಂದಿ ತಮ್ಮ ಊರುಗಳನ್ನು ತೊರೆದಿದ್ದರು. ಪಕ್ಷಾತೀತರಾದ ಸೈನಿಕರು ಮಾಡಿದ ಈ ಲೆಕ್ಕವು ವಿಶ್ವಸಂಸ್ಥೆಯ ವರದಿಯಲ್ಲಿ ಸೇರಿತು. ಕೆಟ್ಟುದನ್ನು ಕಟ್ಟುವ ಮುನ್ನ ಕೆಟ್ಟುದೆಷ್ಟೆಂದು ನಿಷ್ಪಕ್ಷಪಾತವಾಗಿ ಅರಿಯಬೇಕಷ್ಟೆ.

ಗ್ರೀಕರ ಹೊಲದ ಪಕ್ಕದಲ್ಲಿ ತುರ್ಕರ ಹೊಲವಿದ್ದ ಕಡೆಗಳಲ್ಲಿ, ರೈತನು ಭಯವಿಲ್ಲದೆ ಬೆಳೆಯನ್ನು ಕೊಯ್ಯುವಂತೆ ಸೈನಿಕರು ಕಾವಲು ನಿಂತರು. ನೀರು, ವಿದ್ಯುತ್ತು, ಅಂಚೆ ಇವುಗಳ ಪುನಃಸ್ಥಾಪನೆಗಾಗಿ ಎರಡು ಪಕ್ಷಗಳ ನಡುವೆ ಓಡಾಡಿದರು. ತುರ್ಕಿ ಬಡಾವಣೆಗಳಿಗೆ ಸಿಮೆಂಟು, ಮರಮುಟ್ಟು ಮೊದಲಾದವು ಹೋಗದಂತೆ ಸರ್ಕಾರವು ವಿಧಿಸಿದ್ದ ನಿರ್ಬಂಧವನ್ನು ಸಡಿಲಿಸುವ ಮಾತುಕತೆ ನಡೆಸಿದರು. ರಾಜಧಾನಿ ನಿಕೋಸಿಯಾದಿಂದ ಉತ್ತರದ ಕೈರೀನಿಯಾ ಬಂದರಿಗೆ ಹೋಗುವ ರಸ್ತೆಯು ಗ್ರೀಕರಿಗೆ ಮುಚ್ಚಿಹೋಗಿದ್ದುದನ್ನು, 1964ರ ಅಕ್ಟೋಬರಿನಿಂದ ಶಾಂತಿಪಡೆಯೇ ವಹಿಸಿಕೊಂಡು, ತನ್ನ ಬೆಂಗಾವಲಿನಲ್ಲಿ ವಾಹನಗಳನ್ನು ಸಾಗಿಸಿತು. ಒಂದು ರಸ್ತೆ, ಒಂದು ಕೊಯ್ಲು, ಒಂದು ನೀರಿನ ಕೊಳಾಯಿ ಎಂಬಂತೆ ಜನಜೀವನವನ್ನು ಹೊಲಿಯುವುದು ಅವರ ಕ್ರಮ. ರಾಜಕೀಯ ಸಂಧಾನವನ್ನು ಮಾತ್ರ ವಿಶ್ವಸಂಸ್ಥೆಯ ನಾಗರಿಕ ಪ್ರತಿನಿಧಿಗಳಿಗೂ ಮಧ್ಯಸ್ಥರಿಗೂ ಬಿಟ್ಟಿದ್ದರು.

ಈ ಕರ್ತವ್ಯದಲ್ಲಿ ನಿರತರಾಗಿದ್ದಾಗಲೇ, 1965ರ ಡಿಸೆಂಬರ್ 18ರಂದು, ತಿಮ್ಮಯ್ಯನವರು ಹೃದಯಾಘಾತದಿಂದ ಸೈಪ್ರಸ್‌ನಲ್ಲಿ ನಿಧನರಾದರು. ಆಗ ಅವರ ವಯಸ್ಸು ಅರವತ್ತನ್ನೂ ತುಂಬಿರಲಿಲ್ಲ. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಅಂತ್ಯಕ್ರಿಯೆ ನಡೆಸಲಾಯಿತು. ಸೈಪ್ರಸ್ ಸರ್ಕಾರವು 1966ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರಡಿಸಿತು. ಲಾರ್ನಕಾ ನಗರದ ಹೆದ್ದಾರಿಯೊಂದು ಅವರ ಹೆಸರನ್ನು ಹೊತ್ತಿದೆ. ಮಡಿಕೇರಿಯಲ್ಲಿ ಅವರು ಬಾಳಿದ ‘ಸನ್ನಿಸೈಡ್’ ನಿವಾಸವು 2021ರಲ್ಲಿ ಸ್ಮಾರಕ ಸಂಗ್ರಹಾಲಯವಾಗಿ ಲೋಕಾರ್ಪಣಗೊಂಡಿತು.

ಅವರ ಮರಣಾನಂತರದ ಚರಿತ್ರೆಯನ್ನೂ ಹೇಳದಿದ್ದರೆ ಪ್ರಶ್ನೆಗೆ ಉತ್ತರವು ಅಪೂರ್ಣವಾದೀತು. 1974ರ ಜುಲೈಯಲ್ಲಿ ಸೈಪ್ರಸ್‌ನಲ್ಲಿ ಕ್ಷಿಪ್ರಕ್ರಾಂತಿಯಾಗಿ, ಅದರ ಬೆನ್ನಿಗೇ ತುರ್ಕಿಯ ಸೇನೆಯು ಬಂದಿಳಿದು, ದ್ವೀಪವು ಇಬ್ಭಾಗವಾಯಿತು. ತಿಮ್ಮಯ್ಯನವರು ತೆರೆಸಿದ್ದ ರಸ್ತೆಯು ಮತ್ತೆ ಗಡಿಯ ಪಾಲಾಯಿತು. 1964ರಲ್ಲಿ ಮೂರು ತಿಂಗಳ ಮಟ್ಟಿಗೆಂದು ಬಂದ ಶಾಂತಿಪಡೆಯು ಅರವತ್ತು ವರ್ಷಗಳಿಗೂ ಮೀರಿ ಅಲ್ಲಿಯೇ ಉಳಿಯಬೇಕಾಯಿತು. ಕೊರಿಯಾದಲ್ಲಿಯೂ 1953ರ ಯುದ್ಧವಿರಾಮವು ಇಂದಿಗೂ ಶಾಂತಿ ಒಪ್ಪಂದವಾಗಿಲ್ಲ. ಹಾಗಾದರೆ ಸೇನಾನಿಯ ಶ್ರಮವೆಲ್ಲ ವ್ಯರ್ಥವೇ?

ವ್ಯರ್ಥವಲ್ಲ, ಆದರೆ ಅದರ ಫಲವನ್ನು ಸರಿಯಾದ ಅಳತೆಯಿಂದ ಅಳೆಯಬೇಕು. ಸೇನೆಯು ಕಾಲಾವಕಾಶವನ್ನು ಗಳಿಸಿಕೊಡಬಲ್ಲುದು; ಆ ಅವಕಾಶವನ್ನು ಸದುಪಯೋಗಪಡಿಸಿಕೊಳ್ಳಬೇಕಾದವರು ರಾಜಕಾರಣಿಗಳು ಮತ್ತು ನಾಗರಿಕರು. ಅವರು ಮೈಮರೆತರೆ ಕಾವಲುಗಾರನನ್ನು ದೂಷಿಸುವುದು ನ್ಯಾಯವಲ್ಲ. ಕ್ವೆಟ್ಟಾದಲ್ಲಿ ಕಂಡಂತೆ, ಎಲ್ಲವೂ ಕುಸಿದ ಗಳಿಗೆಯಲ್ಲಿ ಸೇನೆಗಿಂತ ಸಮರ್ಥರು ಬೇರೊಬ್ಬರಿಲ್ಲ. ಪಂಜಾಬಿನಲ್ಲಿ ಕಂಡಂತೆ, ಪಕ್ಷದೊಳಗಿನ ಸೇನೆಯಿಂದ ಮಧ್ಯಸ್ಥಿಕೆ ಆಗದು. ಕೊರಿಯಾದಲ್ಲಿ ಕಂಡಂತೆ, ಶಾಂತಿಪಾಲಕನ ಶಕ್ತಿಯಿರುವುದು ತಡೆಹಿಡಿದ ಗುಂಡಿನಲ್ಲಿ. ಸೈಪ್ರಸ್‌ನಲ್ಲಿ ಕಂಡಂತೆ, ಸೈನಿಕನು ರಸ್ತೆಯನ್ನು ತೆರೆಯಬಲ್ಲನು, ಮನಸ್ಸುಗಳನ್ನು ತೆರೆಯಲಾರನು.

ಆದಕಾರಣ ಎಲ್ಲ ಸೇನೆಗಳೂ ಶಾಂತಿಕಾರ್ಯಕ್ಕೆ ಯೋಗ್ಯವೆಂದಾಗಲಿ, ಯಾವ ಸೇನೆಯೂ ಯೋಗ್ಯವಲ್ಲವೆಂದಾಗಲಿ ಹೇಳುವುದು ಅವಿಚಾರ. ತನ್ನ ಬಲವನ್ನು ತಾನು ಅಂಕೆಯಲ್ಲಿಟ್ಟುಕೊಳ್ಳಬಲ್ಲ, ನಾಗರಿಕ ಪ್ರಭುತ್ವಕ್ಕೆ ತಲೆಬಾಗಬಲ್ಲ, ಕೆಲಸ ಮುಗಿದೊಡನೆ ಕೀಲಿಕೈಯನ್ನು ಒಡೆಯನಿಗೆ ಒಪ್ಪಿಸಿ ಹೊರಡಬಲ್ಲ ಸೇನೆಯೇ ಅದಕ್ಕೆ ತಕ್ಕುದು. ಅಂತಹ ಸಂಯಮವು ರಣರಂಗದಲ್ಲಿ ಒಮ್ಮೆಲೇ ಬರುವಂತಹದಲ್ಲ. ಬಾಲ್ಯದಿಂದಲೇ ಶಿಕ್ಷಣದಿಂದಲೂ ಸಂಸ್ಕಾರದಿಂದಲೂ ಮೈಗೂಡಬೇಕಾದುದು. ಜೋಜಿ ಲಾದ ವಿಜಯವನ್ನು ನಮ್ಮ ಮಕ್ಕಳಿಗೆ ಹೇಳಿಕೊಡುವ ಉಪಾಧ್ಯಾಯರು, ಅದರ ಜೊತೆಯಲ್ಲಿಯೇ ಕೊರಿಯಾದ ಶಿಬಿರದ ಮುಂದೆ ಬಂದೂಕನ್ನು ಇಳಿಸಿ ನಿಂತ ಭಾರತೀಯ ಯೋಧನ ಕಥೆಯನ್ನೂ ಹೇಳಲಿ. ಆಗ ತಿಮ್ಮಯ್ಯನವರ ಚರಿತ್ರೆಯು ಗದಾಪರ್ವದಲ್ಲಿ ನಿಲ್ಲದೆ ಶಾಂತಿಪರ್ವದವರೆಗೂ ಸಾಗುತ್ತದೆ.